ಆಸ್ಪತ್ರೆಯ ಆ್ಯಪ್ ಕಟ್ಟುವ ಮುನ್ನ ರೋಗಿಗಳನ್ನು ಕರೆಯಿರಿ: ಹೇಗೆ ಅನ್ನೋದು ಇಲ್ಲಿದೆ

ಆಸ್ಪತ್ರೆಯೊಂದು ವಿಡಿಯೊ ಕಾಲ್‌ನಲ್ಲೇ ಡಾಕ್ಟರನ್ನು ಕಾಣುವ ಏರ್ಪಾಡು ಮಾಡೋಣ ಅಂತ ಹೊರಡುತ್ತದೆ. ಐಟಿ ವಿಭಾಗದವರು ಕೂರುತ್ತಾರೆ, ಸಾಫ್ಟ್‌ವೇರ್ ಕಂಪನಿಯವರು ಬರುತ್ತಾರೆ, ಒಂದಿಬ್ಬರು ಡಾಕ್ಟರು ಬಿಡುವು ಮಾಡಿಕೊಂಡು ಬಂದು ತಮಗೆ ಬೇಕಾದ್ದು ಹೇಳಿ ಹೋಗುತ್ತಾರೆ. ಎಲ್ಲ ಮುಗಿದು ಇನ್ನೇನು ಶುರು ಮಾಡಬೇಕು ಅನ್ನುವಾಗ ಯಾರಿಗೋ ನೆನಪಾಗುತ್ತದೆ: ರೋಗಿಗಳನ್ನೂ ಒಂದು ಮಾತು ಕೇಳಬೇಕಿತ್ತು ಅಲ್ವಾ? ಆಗ ಕೇಳಿದರೆ ಅವರು ತಾನೇ ಏನು ಹೇಳಿಯಾರು. ಬಟನ್ ಹಸಿರು ಇರಲಿ, ಅಕ್ಷರ ಸ್ವಲ್ಪ ದೊಡ್ಡದಿರಲಿ, ಅಷ್ಟೇ. ಅಸಲಿ ಪ್ರಶ್ನೆಗಳೆಲ್ಲ ಅಷ್ಟರಲ್ಲಿ ಮುಗಿದುಹೋಗಿರುತ್ತವೆ.

ರೋಗಿಗಳನ್ನು ಕರೆಯುವುದಾದರೆ ತೀರ್ಮಾನ ಇನ್ನೂ ಆಗದೆ ಇರುವಾಗಲೇ ಕರೆಯಿರಿ, ಅವರ ಮಾತಿನಿಂದ ಏನಾದರೂ ನಿಜವಾಗಿ ಬದಲಾಗುವ ಹಾಗೆ ಕರೆಯಿರಿ. ಈ ಲೇಖನದಲ್ಲಿ ನಾನು ಹೇಳಬೇಕಾದ್ದೆಲ್ಲ ಇದರ ಸುತ್ತಲೇ ಇದೆ. ಆಸ್ಪತ್ರೆಯ ಆಡಳಿತದಲ್ಲಿರುವವರು, ನರ್ಸ್‌ಗಳು, ಆ್ಯಪ್ ಮಾಡುವ ತಂಡದವರು, ಯಾರೇ ಆಗಲಿ ಇದನ್ನು ಹಂತ ಹಂತವಾಗಿ ಮಾಡಬಹುದು. ದೊಡ್ಡ ಬಜೆಟ್ ಬೇಕಿಲ್ಲ. ಸಮಯ ಮಾತ್ರ ಬೇಕು, ಮತ್ತೆ ಕೇಳಿಸಿಕೊಳ್ಳುವ ತಾಳ್ಮೆ.

ಹಂತ 1: ಯಾವ ತೀರ್ಮಾನ ಇನ್ನೂ ಬಾಕಿ ಇದೆ ಅಂತ ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಈಗಾಗಲೇ ತೀರ್ಮಾನವಾಗಿರುವುದನ್ನು ಬರೆಯಿರಿ: ಉದಾಹರಣೆಗೆ ಸೇವೆ ಫೋನಿನಲ್ಲಿ ಇರುತ್ತದೆ, ರಿಪೋರ್ಟ್‌ಗಳೆಲ್ಲ ಆಸ್ಪತ್ರೆಯ ಸರ್ವರ್‌ನಲ್ಲೇ ಇರುತ್ತವೆ. ಎರಡನೆಯದರಲ್ಲಿ ಕಾನೂನಿನ ಕಾರಣಕ್ಕೋ ರೋಗಿಯ ಸುರಕ್ಷತೆಯ ಕಾರಣಕ್ಕೋ ಬದಲಾಯಿಸಲು ಆಗದೇ ಇರುವುದನ್ನು ಬರೆಯಿರಿ. ಮೂರನೆಯದು ಮುಖ್ಯವಾದದ್ದು. ರೋಗಿಗಳು ಹೇಳಿದರೆ ಬದಲಾಗುವಂಥದ್ದು ಏನೇನಿದೆ? ಈ ಭಾಗ ಖಾಲಿ ಉಳಿದರೆ ಯಾರನ್ನೂ ಕರೆಯಬೇಡಿ. ಸುಮ್ನೆ ಅವರ ಸಮಯ ಹಾಳು ಮಾಡಿದಂತಾಗುತ್ತದೆ, ಮುಂದಿನ ಸಲ ನಿಜವಾಗಿ ಕರೆದಾಗ ಅವರು ಬರುವುದೂ ಇಲ್ಲ.

ಶೆರ್ರಿ ಆರ್ನ್‌ಸ್ಟೈನ್ ಎಂಬುವರು 1969ರಲ್ಲಿ ಜನರ ಭಾಗವಹಿಸುವಿಕೆಯ ಬಗ್ಗೆ ಒಂದು ಏಣಿಯ ಚಿತ್ರ ಕೊಟ್ಟರು. ಅದರಲ್ಲಿ 8 ಮೆಟ್ಟಿಲು. ಕೆಳಗಿನವು ಜನರನ್ನು ಒಪ್ಪಿಸಿಕೊಳ್ಳುವ ನಾಟಕಗಳು. ನಡುವಿನವು ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಮಾಡುವುದು. ಇವುಗಳನ್ನೂ ಆಕೆ ಕಾಟಾಚಾರದ ಪಟ್ಟಿಗೇ ಸೇರಿಸಿದರು. ಮೇಲಿನ ಮೂರರಲ್ಲಿ ಮಾತ್ರ ಜನರಿಗೆ ನಿಜವಾದ ಅಧಿಕಾರ ಇರುತ್ತದೆ. ಆಕೆ ಬರೆದದ್ದು ನಗರ ಯೋಜನೆಯ ಬಗ್ಗೆ, ಆದರೂ ಆಸ್ಪತ್ರೆಯ ಮೀಟಿಂಗ್ ರೂಮಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಪ್ರತಿಯೊಂದನ್ನೂ ಮೇಲಿನ ಮೆಟ್ಟಿಲಿಗೇ ಒಯ್ಯಬೇಕು ಅಂತ ನಾನು ಹೇಳುವುದಿಲ್ಲ. ಸಾಫ್ಟ್‌ವೇರ್‌ನ ಭದ್ರತೆ ಹೇಗಿರಬೇಕು ಅನ್ನುವುದು ಮತ ಹಾಕಿ ನಿರ್ಧರಿಸುವ ವಿಷಯ ಅಲ್ಲ. ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಅನ್ನುವುದನ್ನು ಮಾತ್ರ ಮೊದಲ ದಿನವೇ ರೋಗಿಗಳ ಮುಂದೆ ಬಾಯಿಬಿಟ್ಟು ಹೇಳಿ. "ಇದನ್ನು ನೀವೇ ನಿರ್ಧರಿಸುತ್ತೀರಿ, ಇದರ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುತ್ತೇವೆ, ಇದು ನಮ್ಮ ಕೈಯಲ್ಲೂ ಇಲ್ಲ." ಇಷ್ಟು ಹೇಳಿದರೆ ಮುಂದೆ ಬರುವ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಂತ 2: ಕೈಗೆ ಸಿಕ್ಕವರನ್ನಲ್ಲ, ಬೇಕಾದವರನ್ನು ಹುಡುಕಿ

ಹೆಚ್ಚಿನ ಕಡೆ ಕೆಡುವುದು ಇಲ್ಲೇ, ಹಾಗಾಗಿ ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಆನ್‌ಲೈನ್ ಫಾರಂ ಹಾಕಿ "ಆಸಕ್ತಿ ಇದ್ದವರು ಹೆಸರು ಕೊಡಿ" ಅಂದರೆ ಬರುವವರು ಯಾರು? ಆನ್‌ಲೈನ್ ಫಾರಂ ತುಂಬಲು ಬರುವವರು. ಅವರಿಗೆ ನಿಮ್ಮ ಆ್ಯಪ್ ಹೇಗಿದ್ದರೂ ನಡೆಯುತ್ತದೆ. ನಿಮಗೆ ಬೇಕಾಗಿರುವುದು ಫಾರಂ ನೋಡಿ ಫೋನ್ ಪಕ್ಕಕ್ಕಿಟ್ಟವರು.

ಅಂಥವರು ಎಲ್ಲಿದ್ದಾರೆ ಅಂತ ಗೊತ್ತಿರುವುದು ವಾರ್ಡಿನ ನರ್ಸ್‌ಗೆ, ಔಷಧಿ ಕೌಂಟರ್‌ನಲ್ಲಿ ಕೂತವರಿಗೆ, ಫಿಸಿಯೊಥೆರಪಿ ಮಾಡಿಸುವವರಿಗೆ, ಅಪಾಯಿಂಟ್‌ಮೆಂಟ್ ಫೋನ್ ಎತ್ತುವವರಿಗೆ. ಅವರನ್ನು ಕೇಳಿ. ಯಾರು ಪದೇ ಪದೇ ಫೋನ್ ಮಾಡಿ ಒಂದೇ ವಿಷಯ ಕೇಳುತ್ತಾರೆ? ಯಾರು ಡಿಸ್ಚಾರ್ಜ್ ಚೀಟಿಯನ್ನು ಬೇರೆಯವರಿಂದ ಓದಿಸುತ್ತಾರೆ? ಯಾರು ಎಷ್ಟು ದೂರವಾದರೂ ಸರಿ, ವಿಡಿಯೊ ಬೇಡ, ನಾನೇ ಬರ್ತೀನಿ ಅನ್ನುತ್ತಾರೆ?

ಆ ಕೊನೆಯವರನ್ನು ಖಂಡಿತ ಬಿಡಬೇಡಿ. ಇಂಗ್ಲೆಂಡ್‌ನಲ್ಲಿ 2008ರಲ್ಲಿ ಹೋಲ್ ಸಿಸ್ಟಮ್ ಡೆಮಾನ್‌ಸ್ಟ್ರೇಟರ್ ಅನ್ನುವ ದೊಡ್ಡ ಟೆಲಿಹೆಲ್ತ್ ಪ್ರಯೋಗ ಶುರುವಾಯಿತು. ದೀರ್ಘಕಾಲದ ಕಾಯಿಲೆ ಇರುವವರ ಮನೆಯಲ್ಲೇ ಉಪಕರಣ ಇಟ್ಟು ದೂರದಿಂದ ನಿಗಾ ಇಡುವ ಯೋಜನೆ ಅದು. ಬೇಡ ಅಂದವರನ್ನೂ ನಡುವೆಯೇ ಬಿಟ್ಟವರನ್ನೂ ಸಂಶೋಧಕರು ಮಾತಾಡಿಸಿ 2012ರಲ್ಲಿ ಅದನ್ನು ಪ್ರಕಟಿಸಿದರು. ಯಂತ್ರ ಬಳಸಲು ಬರುವುದಿಲ್ಲ ಅನ್ನುವ ಅಳುಕು ಇತ್ತು ನಿಜ. ಆದರೆ ಅಷ್ಟೇ ಅಲ್ಲ. ಈ ಯಂತ್ರ ಮನೆಗೆ ಬಂದರೆ ನಾನು ಕಾಯಿಲೆಯವನು, ಇನ್ನೊಬ್ಬರ ಆಸರೆಯಲ್ಲಿರುವವನು ಅಂತ ಆಗಿಬಿಡುತ್ತದೆ ಅನ್ನುವ ಸಂಕಟ ಇತ್ತು. ಇಷ್ಟು ದಿನ ನಾನೇ ನಿಭಾಯಿಸಿಕೊಂಡು ಬಂದದ್ದು ತಪ್ಪಿಹೋಗುತ್ತದೆ, ಈಗ ಚೆನ್ನಾಗಿರುವ ಸೇವೆಯೂ ಬದಲಾಗಿಬಿಡುತ್ತದೆ ಅನ್ನುವ ಹೆದರಿಕೆ ಇತ್ತು. ಇಂಥ ಕಾರಣಗಳು ಒಪ್ಪಿಕೊಂಡು ಬಳಸುತ್ತಿರುವವರ ಬಾಯಲ್ಲಿ ಎಂದಿಗೂ ಬರುವುದಿಲ್ಲ. ಬೇಡ ಅಂದವರನ್ನೇ ಕೇಳಬೇಕು.

ಇನ್ನೂ ಕೆಲವರನ್ನು ನೆನಪಿಟ್ಟು ಹುಡುಕಿ. ಕಿವಿ ಸರಿಯಾಗಿ ಕೇಳದವರು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 43 ಕೋಟಿ ಜನರ ಶ್ರವಣದೋಷ ಚಿಕಿತ್ಸೆಯೋ ನೆರವೋ ಬೇಕಾಗುವಷ್ಟಿದೆ, ವಿಡಿಯೊ ಕಾಲ್ ಅನ್ನುವುದು ಅವರಿಗೆ ಮುಖಾಮುಖಿಗಿಂತ ಕಷ್ಟದ್ದು. ಕಣ್ಣು ಮಂಜಾದವರು. ಕೈ ನಡುಗುವವರು. ಮನೆಮಂದಿಗೆಲ್ಲ ಒಂದೇ ಫೋನ್ ಇರುವವರು. ಆಸ್ಪತ್ರೆಯ ಭಾಷೆ ಮಾತೃಭಾಷೆ ಅಲ್ಲದವರು. ಮತ್ತೆ ರೋಗಿಯನ್ನು ನೋಡಿಕೊಳ್ಳುವ ಮನೆಯವರು. ಆ್ಯಪ್ ನಿಜವಾಗಿ ಒತ್ತುವವರು ಎಷ್ಟೋ ಸಲ ಅವರೇ. ಆದರೆ ಅವರ ಮಾತನ್ನು ರೋಗಿಯ ಮಾತು ಅಂತ ಬರೆದುಕೊಳ್ಳಬೇಡಿ. ತಂದೆಗೆ ಬೇಕಾದ್ದೇ ಬೇರೆ, ಮಗಳಿಗೆ ಬೇಕಾದ್ದೇ ಬೇರೆ ಇರಬಹುದು. ಮಗಳಿಗೆ ದಿನವೂ ತಂದೆಯ ಬಿಪಿ ನೋಡಬೇಕು, ತಂದೆಗೆ ಅದು ಕಾವಲು ಅನ್ನಿಸಬಹುದು. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ.

ಎಷ್ಟು ಜನ ಬೇಕು? ಶುರುವಿಗೆ ಹತ್ತು ಹನ್ನೆರಡು ಜನ ಸಾಕು, ಅವರು ಒಂದೇ ಥರದವರಾಗಿರದಿದ್ದರೆ.

ಹಂತ 3: ಒಪ್ಪಿಗೆ, ಹಣ, ದಣಿವು

ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ "ನಮ್ಮ ಆ್ಯಪ್ ಕೆಲಸಕ್ಕೆ ಬರ್ತೀರಾ" ಅಂತ ಕೇಳಬಾರದು. ಅವರ ಮುಖ ನೋಡಿ ಇಲ್ಲ ಅನ್ನುವುದು ರೋಗಿಗೆ ಕಷ್ಟ. ಕೇಳುವ ಕೆಲಸ ಬೇರೆಯವರಿಗೆ ವಹಿಸಿ. ಬರಲಿ ಬಿಡಲಿ ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಬರವಣಿಗೆಯಲ್ಲೂ ಕೊಡಿ, ಬಾಯಲ್ಲೂ ಹೇಳಿ. ಯಾವಾಗ ಬೇಕಾದರೂ ಕಾರಣ ಕೊಡದೆ ಬಿಡಬಹುದು ಅಂತಲೂ ಹೇಳಿ. ಸಂಶೋಧನೆ ಅಂತ ಪ್ರಕಟಿಸುವ ಯೋಚನೆ ಇದ್ದರೆ ನೈತಿಕ ಸಮಿತಿಯ ಅನುಮತಿ ಮೊದಲೇ ತೆಗೆದುಕೊಳ್ಳಿ, ಆಮೇಲೆ ಅಲ್ಲ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಆ ಮೇಜಿನ ಸುತ್ತ ಕೂತಿರುವ ಡೆವಲಪರ್‌ಗೆ ಸಂಬಳ ಇದೆ, ಡಾಕ್ಟರ್‌ಗೆ ಸಂಬಳ ಇದೆ, ಮ್ಯಾನೇಜರ್‌ಗೂ ಇದೆ. ರೋಗಿಯೊಬ್ಬರೇ ಬಿಟ್ಟಿ ಕೂರಬೇಕು ಅನ್ನುವುದು ನ್ಯಾಯ ಅಲ್ಲ. ಪ್ರಯಾಣದ ಖರ್ಚು, ಫೋನಿನ ಡೇಟಾ ಖರ್ಚು, ಕೆಲಸ ಬಿಟ್ಟು ಬಂದಿದ್ದರೆ ಅದರ ನಷ್ಟ, ಜೊತೆಗೆ ಬರುವವರ ಖರ್ಚು, ಎಲ್ಲ ಲೆಕ್ಕಕ್ಕೆ ಬರಲಿ. ಖರ್ಚಿನ ಹಣ ಅದೇ ದಿನ ಕೈಗೆ ಸಿಗಬೇಕು. ಬಿಲ್ ಕೊಟ್ಟು ಎರಡು ತಿಂಗಳು ಕಾಯಿಸಿದರೆ ಇಲ್ಲದವರು ಬರುವುದನ್ನೇ ಬಿಡುತ್ತಾರೆ. ಆಮೇಲೆ ಉಳಿಯುವವರು ಇದ್ದವರು ಮಾತ್ರ.

ದಣಿವಿನ ಬಗ್ಗೆ ಒಂದು ಮಾತು. ಡಯಾಲಿಸಿಸ್ ಮುಗಿಸಿ ಬಂದವರಿಗೆ, ಕೀಮೊ ನಡೆಯುತ್ತಿರುವವರಿಗೆ ಎರಡು ಗಂಟೆ ಕೂರುವುದು ಆಗದ ಮಾತು. ಮುಕ್ಕಾಲು ಗಂಟೆಗೆ ನಿಲ್ಲಿಸಿ. ದಿನ ಅವರೇ ಹೇಳಲಿ. ಕೊನೇ ಗಳಿಗೆಯಲ್ಲಿ ಬರಲಾಗಲಿಲ್ಲ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಕಾಯಿಲೆ ಹಾಗೇ ಇರುತ್ತದೆ. ಫೋನಿನಲ್ಲೇ ಹತ್ತು ನಿಮಿಷ ಮಾತಾಡಿದರೂ ಕೆಲಸ ಆಗುತ್ತದೆ.

ಹಂತ 4: ಸ್ಕ್ರೀನ್ ತೋರಿಸಬೇಡಿ, ಮೊದಲು ಕೇಳಿ

ಮೊದಲ ಭೇಟಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿರಲಿ. ಸ್ಕ್ರೀನ್ ತೋರಿಸಿದ ತಕ್ಷಣ ಮಾತೆಲ್ಲ ಸ್ಕ್ರೀನ್ ಬಗ್ಗೆಯೇ ಆಗಿಬಿಡುತ್ತದೆ. "ನಿಮಗೆ ಆ್ಯಪ್‌ನಲ್ಲಿ ಏನು ಬೇಕು" ಅಂತಲೂ ಕೇಳಬೇಡಿ. ಕಳೆದ ಸಲ ಆಸ್ಪತ್ರೆಗೆ ಬಂದ ದಿನ ಬೆಳಗ್ಗೆ ಎದ್ದಾಗಿನಿಂದ ಏನೇನಾಯಿತು ಹೇಳಿ ಅನ್ನಿ. ಎಷ್ಟು ಹೊತ್ತಿಗೆ ಹೊರಟಿರಿ, ಯಾರು ಜೊತೆಗೆ ಬಂದರು, ಎಲ್ಲಿ ಕಾದಿರಿ, ಡಾಕ್ಟರ್ ಹೇಳಿದ್ದರಲ್ಲಿ ಮನೆಗೆ ಹೋದ ಮೇಲೆ ಯಾವುದು ಮರೆತುಹೋಯಿತು, ರಾತ್ರಿ ಯಾವುದರ ಬಗ್ಗೆ ಚಿಂತೆ ಆಯಿತು. ಬಾಯಿಗೆ ಬಂದ ಹಾಗೆ ಹೇಳಲಿ, ನಡುವೆ ಬಾಯಿ ಹಾಕಬೇಡಿ.

ಇದಕ್ಕೊಂದು ಒಳ್ಳೆಯ ಮಾದರಿ ಇದೆ. ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಎಂಬುವರು ಇಂಗ್ಲೆಂಡಿನ ಲೂಟನ್‌ನ ಆಸ್ಪತ್ರೆಯಲ್ಲಿ, 2005ರ ಹೊತ್ತಿಗೆ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಜೊತೆ ಸೇರಿ ಕಟ್ಟಿದ ವಿಧಾನ ಅದು. ರೋಗಿಗಳು ತಮ್ಮ ಅನುಭವ ಹೇಳುವುದನ್ನು ವಿಡಿಯೊ ಮಾಡುತ್ತಾರೆ. ಮನಸ್ಸಿಗೆ ತಟ್ಟಿದ ಗಳಿಗೆಗಳನ್ನಷ್ಟೇ ಆಯ್ದು ಒಂದು ಚಿಕ್ಕ ಚಿತ್ರ ಕಟ್ಟುತ್ತಾರೆ. ಅದನ್ನು ಮೊದಲು ರೋಗಿಗಳೇ ನೋಡುತ್ತಾರೆ, ಇದು ಎಲ್ಲರಿಗೂ ತೋರಿಸಬಹುದು ಅಂತ ಅವರು ಒಪ್ಪಿದ ಮೇಲೆ ಸಿಬ್ಬಂದಿ ಮತ್ತು ರೋಗಿಗಳು ಒಟ್ಟಿಗೆ ಕೂತು ನೋಡುತ್ತಾರೆ, ಆಮೇಲೆ ಯಾವುದನ್ನು ಮೊದಲು ಸರಿಮಾಡಬೇಕು ಅಂತ ಸೇರಿಯೇ ಪಟ್ಟಿ ಮಾಡಿ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಕೆಲಸಕ್ಕೆ ಇಳಿಯುತ್ತಾರೆ. ನಿಮ್ಮಲ್ಲಿ ವಿಡಿಯೊಗೆ ಅನುಕೂಲ ಇಲ್ಲದಿದ್ದರೆ ಧ್ವನಿ ಮುದ್ರಿಸಿದರೂ ಸಾಕು. ರೋಗಿಯ ಧ್ವನಿಯಲ್ಲೇ "ಡಿಸ್ಚಾರ್ಜ್ ಆದ ಮಾರನೇ ದಿನ ಯಾರಿಗೆ ಫೋನ್ ಮಾಡಬೇಕು ಗೊತ್ತಾಗಲಿಲ್ಲ" ಅಂತ ಕೇಳಿಸಿಕೊಂಡ ಸರ್ಜನ್, ಅದೇ ಮಾತನ್ನು ವರದಿಯಲ್ಲಿ ಓದಿದ ಸರ್ಜನ್‌ಗಿಂತ ಬೇಗ ಕೆಲಸಕ್ಕೆ ಇಳಿಯುತ್ತಾರೆ.

ಈ ಮಾತುಗಳಿಂದ ಒಂದು ವಿಷಯ ಗೊತ್ತಾಗಬಹುದು. ನಿಮಗೆ ಆ್ಯಪ್ ಬೇಕಾಗಿಯೇ ಇಲ್ಲ, ಮಧ್ಯಾಹ್ನ ಎತ್ತುವ ಒಂದು ಫೋನ್ ನಂಬರ್ ಬೇಕಾಗಿದೆ ಅಂತ. ಹಾಗೆ ಬಂದರೆ ಅದನ್ನು ಒಪ್ಪಿಕೊಳ್ಳಿ. ಹಣವೂ ಉಳಿಯಿತು.

ಹಂತ 5: ಕಾಗದದ ಮೇಲೆ ಬರೆದು ತೋರಿಸಿ, ಸುಮ್ಮನೆ ಕೂತು ನೋಡಿ

ಕೋಡ್ ಬರೆಯುವ ಮುಂಚೆ ಸ್ಕ್ರೀನ್‌ಗಳನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ನೀಟಾಗಿ ಬರೆಯಬೇಡಿ. ಅಂದವಾಗಿ ಮಾಡಿದ್ದನ್ನು ಕಂಡರೆ ಪಾಪ ಇಷ್ಟು ಕಷ್ಟಪಟ್ಟಿದ್ದಾರೆ ಅಂತ ಜನ ತಪ್ಪು ಹೇಳಲು ಹಿಂಜರಿಯುತ್ತಾರೆ. ಪೆನ್ಸಿಲ್ ಗೀಚು ಆದರೆ ತಾವೇ ಪೆನ್ಸಿಲ್ ತೆಗೆದುಕೊಂಡು ಹೊಡೆದುಹಾಕುತ್ತಾರೆ.

ಅವರಿಗೆ ಒಂದು ಕೆಲಸ ಕೊಡಿ: "ಬರುವ ವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ." ಮಾಡುತ್ತಾ ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಿ ಅನ್ನಿ. ಅಷ್ಟೇ, ಆಮೇಲೆ ನೀವು ಮಾತಾಡಬಾರದು. ತಂಡದವರಿಗೆ ಇದೇ ಬಹಳ ಕಷ್ಟ, ಬೆರಳು ತಪ್ಪಾದ ಕಡೆ ಹೋಗುತ್ತಿದ್ದರೆ "ಅಲ್ಲಲ್ಲ, ಮೇಲಿದೆ ನೋಡಿ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ, ತಡೆದುಕೊಳ್ಳಿ, ಮನೆಯಲ್ಲಿ ಅವರ ಪಕ್ಕ ನೀವು ಇರುವುದಿಲ್ಲವಲ್ಲ.

ಐದು ಜನರಲ್ಲಿ ಪರೀಕ್ಷೆ ಮಾಡಿದರೆ ಸುಮಾರು 85 ಶೇಕಡ ತೊಂದರೆಗಳು ಸಿಗುತ್ತವೆ ಅನ್ನುವ ಮಾತನ್ನು ನೀವು ಕೇಳಿರಬಹುದು. ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕದಿಂದ ಬಂದದ್ದು ಅದು. ಒಬ್ಬ ಬಳಕೆದಾರ ಸರಾಸರಿ 31 ಶೇಕಡ ತೊಂದರೆಗಳನ್ನು ಎಡವುತ್ತಾನೆ ಅನ್ನುವ ಊಹೆಯ ಮೇಲೆ ನಿಂತಿದೆ. ಬಳಸುವವರೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಸರಿ. ಆಸ್ಪತ್ರೆಯಲ್ಲಿ ಹಾಗಿರುವುದಿಲ್ಲ. ಆದ್ದರಿಂದ ಐದು ಐದು ಜನರ ಸುತ್ತುಗಳನ್ನು ಮಾಡಿ, ಪ್ರತಿ ಸುತ್ತಿನಲ್ಲೂ ಬೇರೆ ಥರದವರನ್ನು ಕೂರಿಸಿ, ನಡುವೆ ಸರಿಮಾಡಿಕೊಂಡು ಮುಂದಕ್ಕೆ ಹೋಗಿ.

ಕಾಗದ ಮುಗಿದು ಅಸಲಿ ವಿಡಿಯೊ ಕಾಲ್‌ಗೆ ಬಂದಾಗ ನಿಜವಾದ ಜಾಗದಲ್ಲೇ ನೋಡಿ. ಒಂದು ಉದಾಹರಣೆ ಕೊಡುತ್ತೇನೆ. ಶುಗರ್ ಇರುವ ಒಬ್ಬರು ಕಾಲಿನ ಗಾಯ ತೋರಿಸಬೇಕು. ಗಾಯ ಅಂಗಾಲಿನಲ್ಲಿದೆ. ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಕಾಲು ಎತ್ತಿಕೊಂಡು, ಮುಂದಿನ ಕ್ಯಾಮೆರಾದಿಂದ ಹಿಂದಿನ ಕ್ಯಾಮೆರಾಕ್ಕೆ ಬದಲಾಯಿಸುವ ಬಟನ್ ಹುಡುಕಬೇಕು. ಬಟನ್ ಇರುವುದು ಮೇಲಿನ ಮೂಲೆಯಲ್ಲಿ, ಹೆಬ್ಬೆರಳಿಗೆ ಎಟುಕುವುದಿಲ್ಲ. ಹಿಂದಿನ ಕ್ಯಾಮೆರಾ ಹಾಕಿದ ಮೇಲೆ ಸ್ಕ್ರೀನ್ ಅವರಿಗೆ ಕಾಣಿಸುವುದಿಲ್ಲ, ಗಾಯ ಚೌಕಟ್ಟಿನೊಳಗೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ಡಾಕ್ಟರ್ ಆ ಕಡೆಯಿಂದ "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಅನ್ನುತ್ತಿದ್ದಾರೆ. ಕೊನೆಗೆ ಫೋನ್ ಹಾಸಿಗೆ ಮೇಲೆ ಬೀಳುತ್ತದೆ. ಇಷ್ಟೆಲ್ಲ ಮೀಟಿಂಗ್ ರೂಮಿನಲ್ಲಿ ಕುರ್ಚಿಯ ಮೇಲೆ ಕೂತು ಪರೀಕ್ಷೆ ಮಾಡಿದರೆ ಕಾಣುವುದೇ ಇಲ್ಲ. ಮೊದಲೇ ಫೋಟೊ ತೆಗೆದು ಕಳಿಸುವ ದಾರಿ ಇರಬೇಕಿತ್ತು, ಕ್ಯಾಮೆರಾವನ್ನು ಡಾಕ್ಟರೇ ಆ ಕಡೆಯಿಂದ ಬದಲಾಯಿಸಲು ರೋಗಿ ಅನುಮತಿ ಕೊಡುವ ಹಾಗಿರಬೇಕಿತ್ತು. ಇಂಥ ಉಪಾಯಗಳು ಆ ಕಷ್ಟ ಪಟ್ಟವರ ಬಾಯಿಂದಲೇ ಬರುತ್ತವೆ.

ಲಾಗಿನ್ ಬಗ್ಗೆಯೂ ಇಲ್ಲೇ ಗಮನ ಕೊಡಿ. ಒಟಿಪಿ ಬರುವುದು ಮಗನ ಫೋನಿಗೆ, ಮಗ ಆಫೀಸಿನಲ್ಲಿ, ಅಮ್ಮ ಮನೆಯಲ್ಲಿ. ಅವನು ಫೋನ್ ಮಾಡಿ ಅಂಕಿ ಹೇಳುವಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ. ಅಂಗವೈಕಲ್ಯ ಇರುವವರಿಗೂ ವೆಬ್ ಎಟುಕಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಸಮಯದ ಮಿತಿಯನ್ನು ಹೆಚ್ಚಿಸಿಕೊಳ್ಳಲು ಸಾಧ್ಯವಾದ ಕಡೆಯೆಲ್ಲ ಅವಕಾಶ ಇರಲಿ ಅನ್ನುತ್ತದೆ. 2023ರಲ್ಲಿ ಬಂದ ಅದರ 2.2 ಆವೃತ್ತಿ ಇನ್ನೂ ಮುಂದೆ ಹೋಗಿ, ಲಾಗಿನ್ ಆಗಲು ನೆನಪಿನ ಶಕ್ತಿ ಪರೀಕ್ಷಿಸಬೇಡಿ, ಕಾಪಿ ಮಾಡಿ ಅಂಟಿಸಲು ಬಿಡಿ ಅನ್ನುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ಅಕ್ಷರವನ್ನು ಇಮ್ಮಡಿ ಹಿಗ್ಗಿಸಿದರೂ ಏನೂ ಮರೆಯಾಗಬಾರದು ಅನ್ನುವುದೂ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಟೆಲಿಹೆಲ್ತ್‌ಗಾಗಿಯೇ 2022ರಲ್ಲಿ ಒಂದು ಮಾನದಂಡ ತಂದಿವೆ, ಅಂಗವೈಕಲ್ಯ ಇರುವವರಿಗೆ ಸೇವೆ ಹೇಗೆ ಎಟುಕಬೇಕು ಅಂತ. ಇವುಗಳನ್ನು ಪಾಲಿಸುವುದು ಡೆವಲಪರ್‌ಗಳ ಕೆಲಸ. ಇಷ್ಟನ್ನು ರೋಗಿಗಳಿಂದ ಹೇಳಿಸಿಕೊಳ್ಳಬಾರದು. ಅವರ ಸಮಯ ಇದಕ್ಕಿಂತ ದೊಡ್ಡದಕ್ಕೆ ಬೇಕು.

ಹಂತ 6: ಪದಗಳನ್ನು ಅವರಿಂದಲೇ ಬರೆಸಿ

ಆ್ಯಪ್ ಕಳಿಸುವ ಪ್ರತಿಯೊಂದು ಮೆಸೇಜನ್ನೂ ಪ್ರಿಂಟ್ ಹಾಕಿ ಮೇಜಿನ ಮೇಲೆ ಹರಡಿ. "ನಿಮ್ಮ ವರದಿಯಲ್ಲಿ ಅಸಹಜ ಮೌಲ್ಯ ಕಂಡುಬಂದಿದೆ" ಅನ್ನುವ ಮೆಸೇಜ್ ರಾತ್ರಿ ಹತ್ತೂವರೆಗೆ ಬಂದರೆ ಓದಿದವರ ಎದೆ ಏನಾಗಬೇಡ? ಸ್ವಲ್ಪವೇ ಏರಿದ ಕೊಲೆಸ್ಟ್ರಾಲ್‌ಗೂ ಅದೇ ವಾಕ್ಯ, ಗಂಭೀರವಾದದ್ದಕ್ಕೂ ಅದೇ ವಾಕ್ಯ. ರೋಗಿಗಳನ್ನು ಕೇಳಿ: ಯಾವ ಫಲಿತಾಂಶ ಮೆಸೇಜ್‌ನಲ್ಲಿ ಬಂದರೆ ಪರವಾಗಿಲ್ಲ, ಯಾವುದನ್ನು ಯಾರಾದರೂ ಫೋನ್ ಮಾಡಿಯೇ ಹೇಳಬೇಕು, ಯಾವ ಹೊತ್ತಿನ ಮೇಲೆ ಕಳಿಸಬಾರದು? ಕೆಲವರು ಯಾವ ಹೊತ್ತಾದರೂ ಸರಿ, ನನಗೆ ತಕ್ಷಣ ಗೊತ್ತಾಗಲಿ ಅನ್ನುತ್ತಾರೆ. ಹಾಗಾಗಿ ಆಯ್ಕೆ ಅವರ ಕೈಯಲ್ಲೇ ಇರಲಿ.

ಅರ್ಥವಾಯಿತಾ ಅಂತ ಕೇಳಬೇಡಿ, ಎಲ್ಲರೂ ಗೋಣು ಆಡಿಸುತ್ತಾರೆ. ಈ ಮೆಸೇಜ್ ಬಂದರೆ ನೀವೇನು ಮಾಡ್ತೀರಿ, ಮನೆಯವರಿಗೆ ಹೇಗೆ ಹೇಳ್ತೀರಿ ಅಂತ ಕೇಳಿ. ಅವರ ಮಾತಿನಲ್ಲೇ ಬಂದರೆ ಮೆಸೇಜ್ ಸರಿ ಇದೆ. ಬರದಿದ್ದರೆ ಮೆಸೇಜ್ ತಪ್ಪು, ಅವರು ತಪ್ಪಲ್ಲ. ಎಷ್ಟೋ ಸಲ ಅವರು ಹೇಳಿದ ವಾಕ್ಯವನ್ನೇ ಹಾಗೇ ಇಳಿಸಿಕೊಂಡರೆ ಮುಗಿಯಿತು.

ನೋಟಿಫಿಕೇಶನ್ ಬಂದಾಗ ಫೋನ್ ಲಾಕ್ ಇದ್ದರೂ ಏನು ಕಾಣಿಸುತ್ತದೆ ಅಂತಲೂ ನೋಡಿ. ಮಾನಸಿಕ ಆರೋಗ್ಯ, ಗರ್ಭ, ಎಚ್‌ಐವಿ ಇಂಥ ವಿಷಯಗಳಲ್ಲಿ ವಿಭಾಗದ ಹೆಸರೊಂದು ಕಂಡರೂ ಸಾಕು, ಮನೆಯಲ್ಲಿ ಒಬ್ಬರಿಗೆ ದೊಡ್ಡ ತೊಂದರೆ ಆಗಬಹುದು.

ಹಂತ 7: ಒಂದೇ ಮೇಜಿಗೆ ಕೂರಿಸಿ

ರೋಗಿಗಳ ಮಾತನ್ನು ಕೇಳಿ ಬಂದು ವರದಿ ಒಪ್ಪಿಸುವುದು ಒಂದು. ತೀರ್ಮಾನ ಮಾಡುವ ಸಮಿತಿಯಲ್ಲೇ ಅವರು ಕೂರುವುದು ಇನ್ನೊಂದು. ಎರಡನೆಯದು ಆಗಬೇಕು. ಒಬ್ಬರನ್ನೇ ಕೂರಿಸಬೇಡಿ, ಹತ್ತು ಜನ ಕೋಟಿನವರ ನಡುವೆ ಒಂಟಿ ದನಿ ಬಿದ್ದುಹೋಗುತ್ತದೆ. ಕನಿಷ್ಠ ಇಬ್ಬರು, ಮೂವರಾದರೆ ಇನ್ನೂ ಒಳ್ಳೆಯದು. ಮೀಟಿಂಗ್‌ನ ಕಾಗದಗಳನ್ನು ಒಂದು ವಾರ ಮುಂಚೆ ಕಳಿಸಿ, ಹಿಂದಿನ ದಿನ ಯಾರಾದರೂ ಫೋನ್ ಮಾಡಿ ಒಂದೊಂದೇ ವಿಷಯ ಬಿಡಿಸಿ ಹೇಳಿ. ಮೀಟಿಂಗ್‌ನಲ್ಲಿ ಮೊದಲ ಮಾತು ಅವರದಾಗಲಿ. ಡಾಕ್ಟರ್ ಒಂದು ಸಲ "ಇದು ಆಗಲ್ಲ" ಅಂದುಬಿಟ್ಟರೆ ಆಮೇಲೆ ರೋಗಿ ಬಾಯಿ ತೆರೆಯುವುದು ಕಷ್ಟ. ಗೊತ್ತಿಲ್ಲದ ಇಂಗ್ಲಿಷ್ ಪದವೋ ಮೂರಕ್ಷರದ ಸಂಕ್ಷೇಪವೋ ಬಂದರೆ ಯಾರು ಬೇಕಾದರೂ ನಿಲ್ಲಿಸಬಹುದು ಅನ್ನುವ ನಿಯಮ ಇಟ್ಟುಕೊಳ್ಳಿ. ಆ ನಿಯಮದಿಂದ ಹೊಸ ಡೆವಲಪರ್‌ಗಳಿಗೂ ಸಮಾಧಾನ ಆಗುತ್ತದೆ, ಅವರಿಗೂ ಅರ್ಧಕ್ಕರ್ಧ ಗೊತ್ತಿರುವುದಿಲ್ಲ.

ದೂರು ಹೇಳುತ್ತಾ ಕೂರುತ್ತಾರೆ ಅನ್ನುವ ಭಯ ಸಿಬ್ಬಂದಿಗೆ ಇರುತ್ತದೆ. ಮೊದಲ ಸಲ ಖಂಡಿತ ದೂರು ಬರುತ್ತದೆ. ಬರಲಿ ಬಿಡಿ. ಅದುವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕೆ. ಬರೆದುಕೊಂಡು, ಸಂಬಂಧಪಟ್ಟವರಿಗೆ ಮುಟ್ಟಿಸಿ, ಏನಾಯಿತು ಅಂತ ಮುಂದಿನ ಸಲ ಹೇಳಿ. ಮೂರನೇ ಮೀಟಿಂಗ್ ಹೊತ್ತಿಗೆ ಮಾತು ತಾನಾಗಿ ಮುಂದಿನ ಕೆಲಸದ ಕಡೆ ತಿರುಗಿರುತ್ತದೆ.

ಹಂತ 8: ಸುರಕ್ಷತೆಯ ಪ್ರಶ್ನೆಗಳನ್ನು ಅವರ ಜೊತೆಯೇ ಬಿಡಿಸಿ

ಮನೆಯಲ್ಲಿ ಅಳೆದು ಕಳಿಸುವ ಸೇವೆಯಾದರೆ ಮೊದಲು ಒಂದು ಪ್ರಶ್ನೆ: ರಾತ್ರಿ ಎರಡು ಗಂಟೆಗೆ ರೋಗಿ ಕೆಟ್ಟ ಅಂಕಿ ಕಳಿಸಿದರೆ ಆ ಕಡೆ ಯಾರಾದರೂ ನೋಡುತ್ತಿರುತ್ತಾರಾ? ರೋಗಿಗಳು ಸಾಮಾನ್ಯವಾಗಿ ನೋಡುತ್ತಿರುತ್ತಾರೆ ಅಂತಲೇ ನಂಬುತ್ತಾರೆ. ಇಲ್ಲದಿದ್ದರೆ ಅದನ್ನು ಎಲ್ಲಿ, ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದನ್ನು ಅವರಿಂದಲೇ ಕೇಳಿ ತಿಳಿಯಿರಿ. ಷರತ್ತುಗಳ ಪುಟದ ಕೊನೆಯಲ್ಲಿ ಹಾಕಿದರೆ ಹೇಳಿದಂತೆ ಆಗುವುದಿಲ್ಲ.

ಉಪಕರಣಗಳನ್ನೂ ಎಲ್ಲ ಥರದ ಜನರ ಮೇಲೆ ನೋಡಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬಗ್ಗೆ 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನ ನೋಡಿ. ಯಂತ್ರ 92ರಿಂದ 96 ಶೇಕಡ ತೋರಿಸುತ್ತಿದ್ದಾಗಲೇ ರಕ್ತಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕಪ್ಪು ವರ್ಣೀಯ ರೋಗಿಗಳಲ್ಲಿ 11.7 ಶೇಕಡ ಅಳತೆಗಳಲ್ಲಿ, ಬಿಳಿಯರಲ್ಲಿ 3.6 ಶೇಕಡ. ಅಷ್ಟು ವರ್ಷ ಬಳಸಿದ ಯಂತ್ರ ಅದು. ಇಂಥ ಅಂಕಿಯನ್ನು ನಂಬಿ ಆ್ಯಪ್ "ನೀವು ಚೆನ್ನಾಗಿದ್ದೀರಿ" ಅಂದರೆ, ಏದುಸಿರು ಬಿಡುತ್ತಿರುವವರು ಮನೆಯಲ್ಲೇ ಉಳಿದುಬಿಡುತ್ತಾರೆ. "ಅಂಕಿ ಸರಿ ಇದೆ, ಆದರೆ ನನಗೆ ಸರಿ ಇಲ್ಲ" ಅಂತ ಹೇಳುವ ಒಂದು ಬಟನ್ ಪ್ರತಿಯೊಂದು ಆ್ಯಪ್‌ನಲ್ಲೂ ಇರಲಿ ಅಂತ ನಾನು ಕೇಳಿಕೊಳ್ಳುತ್ತೇನೆ. ಅದನ್ನು ಒತ್ತಿದರೆ ಮನುಷ್ಯರೊಬ್ಬರು ಮಾತಾಡಬೇಕು.

ಹಂತ 9: ಚಿಕ್ಕದಾಗಿ ಶುರು ಮಾಡಿ, ಬಿಟ್ಟವರಿಗೆ ಫೋನ್ ಮಾಡಿ

ಒಂದು ವಿಭಾಗದಲ್ಲಿ ಮೊದಲು ಶುರುವಾಗಲಿ. ಬಳಕೆ ಎಷ್ಟು ಸುಲಭ ಅಂತ ಅಳೆಯಲು ಜಾನ್ ಬ್ರೂಕ್ 1986ರಲ್ಲಿ ಮಾಡಿದ 10 ವಾಕ್ಯಗಳ ಪ್ರಶ್ನಾವಳಿ ಇದೆ, ಎಸ್‌ಯುಎಸ್ ಅನ್ನುತ್ತಾರೆ. ಅಂಕ 0ಯಿಂದ 100, ಬೇರೆ ಬೇರೆ ಅಧ್ಯಯನಗಳ ಸರಾಸರಿ 68. ಇದರ ಸರಾಸರಿಯನ್ನು ಮಾತ್ರ ನೋಡಿ ಖುಷಿಪಡಬೇಡಿ. ಯಾರು ತೀರಾ ಕಡಿಮೆ ಕೊಟ್ಟಿದ್ದಾರೆ ಅಂತ ನೋಡಿ. ಇನ್ನೂ ಮುಖ್ಯವಾಗಿ, ಪ್ರಶ್ನಾವಳಿ ತಲುಪುವ ಮುಂಚೆಯೇ ಬಿಟ್ಟುಹೋದವರು ಯಾರು? ನೋಂದಾಯಿಸಿಕೊಂಡು ಒಂದು ಸಲವೂ ಬಳಸದವರು, ಎರಡು ಸಲ ಬಳಸಿ ನಿಲ್ಲಿಸಿದವರು. ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್. ಆ ಫೋನನ್ನು ನೀವು ಕರೆದು ಕೂರಿಸಿದ ರೋಗಿಗಳ ಗುಂಪಿನ ಒಬ್ಬರೇ ಮಾಡಿದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅದಕ್ಕೆ ಮೊದಲು ನಂಬರ್ ಹಂಚಿಕೊಳ್ಳಲು ಒಪ್ಪಿಗೆ ಇರಬೇಕು ಅನ್ನುವುದನ್ನು ಮರೆಯಬೇಡಿ.

ಆ್ಯಪ್‌ನಲ್ಲೇ ಬರಬೇಕು, ಬೇರೆ ದಾರಿ ಇಲ್ಲ ಅನ್ನುವ ಹಾಗೆ ಮಾತ್ರ ಮಾಡಬೇಡಿ. ಆ್ಯಪ್ ಬೇಡ ಅಂದವರಿಗೆ ಹಳೆಯ ಕೌಂಟರ್ ಅಷ್ಟೇ ಚೆನ್ನಾಗಿ ನಡೆಯುತ್ತಿರಬೇಕು.

ಹಂತ 10: ಏನಾಯಿತು ಅಂತ ಹೋಗಿ ಹೇಳಿ

ಎರಡು ಕಾಲಂ ಇರುವ ಒಂದು ಪಟ್ಟಿ ಮಾಡಿ. ಎಡಗಡೆ ರೋಗಿಗಳು ಹೇಳಿದ್ದು, ಬಲಗಡೆ ನೀವು ಮಾಡಿದ್ದು. ಮಾಡಲಾಗದಿದ್ದರೆ ಯಾಕೆ ಅಂತ ನೇರವಾಗಿ ಬರೆಯಿರಿ: ಹಣ ಇಲ್ಲ, ಕಾನೂನು ಬಿಡುವುದಿಲ್ಲ, ಡಾಕ್ಟರುಗಳು ಒಪ್ಪಲಿಲ್ಲ. ಏನಿದ್ದರೂ ಸರಿ. ಇದನ್ನು ತಿಂಗಳಿಗೊಮ್ಮೆ ಗುಂಪಿನ ಎಲ್ಲರಿಗೂ ಕಳಿಸಿ, ಓದಲು ಆಗದವರಿಗೆ ಫೋನಿನಲ್ಲಿ ಓದಿ ಹೇಳಿ. ಆರು ತಿಂಗಳು ಸದ್ದಿಲ್ಲದೆ ಇದ್ದು ಆಮೇಲೆ ಉದ್ಘಾಟನೆಗೆ ಕರೆದರೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ?

ಈ ಕೆಲಸದ ಬಗ್ಗೆ ಬರೆದು ಪ್ರಕಟಿಸುವುದಾದರೆ 2017ರ ಗ್ರಿಪ್2 ಪಟ್ಟಿಯನ್ನು ಬಳಸಿ. ರೋಗಿಗಳು ಎಲ್ಲಿ, ಹೇಗೆ ಭಾಗವಹಿಸಿದರು, ಅದರಿಂದ ಏನು ಬದಲಾಯಿತು ಅಂತ ವರದಿ ಮಾಡುವ ಕ್ರಮ ಅದು. ಚಿಕ್ಕ ರೂಪದಲ್ಲಿ 5 ಅಂಶಗಳಷ್ಟೇ. ಬರೆಯುವಾಗ ಲೇಖಕರ ಸಾಲಿನಲ್ಲಿ ಅವರ ಹೆಸರೂ ಇರಬೇಕಾ ಅಂತ ಅವರನ್ನೇ ಕೇಳಿ, ಕೆಲವರಿಗೆ ಅದು ಬೇಕು, ಕೆಲವರಿಗೆ ತಮ್ಮ ಕಾಯಿಲೆ ಊರಿಗೆಲ್ಲ ಗೊತ್ತಾಗುವುದು ಬೇಡ.

ಸೇವೆ ಶುರುವಾಯಿತು ಅಂತ ಗುಂಪನ್ನು ಮುಚ್ಚಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಯಾರೋ ಬಟನ್‌ಗಳ ಜಾಗ ಬದಲಾಯಿಸುತ್ತಾರೆ, ಪಾವತಿ ಸೇರಿಸುತ್ತಾರೆ, ಕಂಪನಿಯೇ ಬದಲಾಗಬಹುದು. ಅಂಥ ಪ್ರತಿಯೊಂದು ಬದಲಾವಣೆಯೂ ಜಾರಿಗೆ ಬರುವ ಮುಂಚೆ ಇವರ ಮುಂದೆ ಬರಬೇಕು ಅಂತ ಕಂಪನಿಯ ಜೊತೆಗಿನ ಒಪ್ಪಂದದಲ್ಲೇ ಬರೆಸಿ. ಸದಸ್ಯರ ಅವಧಿ ಒಂದೋ ಎರಡೋ ವರ್ಷ ಇರಲಿ. ತುಂಬಾ ದಿನ ಇದ್ದವರು ಆಸ್ಪತ್ರೆಯವರ ಹಾಗೆಯೇ ಯೋಚಿಸಲು ಶುರು ಮಾಡುತ್ತಾರೆ. ಅರ್ಧ ಜನ ಹಳಬರು, ಅರ್ಧ ಜನ ಹೊಸಬರು ಇರುವ ಹಾಗೆ ಬದಲಾಯಿಸುತ್ತಾ ಹೋದರೆ ಹೊಸಬರಿಗೆ ಕೆಲಸ ಹೇಳಿಕೊಡಲು ಹಳಬರೇ ಇರುತ್ತಾರೆ.